ನಾಯಿ ಎಲ್ಲಿಂದ ತರೋದು? ಮೊದಲು ಅದರ ಅಮ್ಮನ್ನ ನೋಡಿ

ಸಂಜೆ ಚುಕ್ಕಿಯನ್ನು ಕರೆದುಕೊಂಡು ಹೊರಟರೆ ವಾರಕ್ಕೆ ಒಬ್ಬರಾದರೂ ನಿಲ್ಲಿಸಿ ಕೇಳುತ್ತಾರೆ. "ನಮಗೂ ಒಂದು ನಾಯಿ ಬೇಕಿತ್ತು ಸಾರ್, ಎಲ್ಲಿಂದ ತರೋದು?" ಆಫೀಸಿನಲ್ಲೂ ಕೇಳುತ್ತಾರೆ. ಮದುವೆ ಮನೆಯಲ್ಲಿ ಪಕ್ಕದ ಎಲೆಯವರೂ ಕೇಳಿದ್ದುಂಟು. ನಿಂತಲ್ಲೇ ಅರ್ಧಂಬರ್ಧ ಹೇಳಿ ಸಾಕಾಗಿದೆ. ಒಂದು ಸಲ ಪೂರ್ತಿ ಬರೆದುಬಿಟ್ಟರೆ ಮುಂದೆ ಲಿಂಕ್ ಕಳಿಸಿದರಾಯಿತು.

ನನ್ನ ಹತ್ತಿರ ಬರುವ ಹೊತ್ತಿಗೆ ಅವರಿಗೆ ನಾಲ್ಕು ಜನ ನಾಲ್ಕು ಥರ ಹೇಳಿರುತ್ತಾರೆ. ಒಬ್ಬರು, "ದುಡ್ಡು ಕೊಟ್ಟು ನಾಯಿ ತರೋದೇ ತಪ್ಪು, ಬೀದೀಲಿ ಅಷ್ಟೊಂದು ಬಿದ್ದಿವೆಯಲ್ಲ" ಅಂದಿರುತ್ತಾರೆ. ಇನ್ನೊಬ್ಬರು, "ಬೀದಿ ನಾಯಿ ಗುಣ ಹೆಂಗಿರುತ್ತೋ, ತಂದರೆ ಜಾತಿ ನಾಯಿ ತನ್ನಿ, ಪೇಪರ್ ಇರೋದು" ಅಂದಿರುತ್ತಾರೆ. ಊರಿನ ಮಾವ, "ನಾಯಿಗೆ ಯಾರಾದ್ರೂ ದುಡ್ಡು ಕೊಡ್ತಾರೇನೋ? ತೋಟಕ್ಕೆ ಬಾ, ಎರಡು ಮರಿ ಹೊತ್ಕೊಂಡು ಹೋಗು" ಅಂದಿರುತ್ತಾರೆ. ಮೇಲಿನ ಮನೆಯವರಿಗೆ ಫ್ಲಾಟಿನಲ್ಲಿ ನಾಯಿ ಸಾಕೋದೇ ಪಾಪ.

ನನ್ನ ಉತ್ತರ ಒಂದೇ ಸಾಲು. ಎಲ್ಲಿಂದಾದರೂ ತನ್ನಿ, ಆದರೆ ಮರಿಯನ್ನು ಎತ್ತಿಕೊಳ್ಳುವ ಮೊದಲು ಅದರ ಅಮ್ಮನ್ನ ನೋಡಿ. ಈ ಒಂದು ಸಾಲು ಕಲಿಯೋಕೆ ನನಗೆ ಆರು ಸಾವಿರ ರೂಪಾಯಿ ಖರ್ಚಾಯಿತು. ಒಂದು ಮರಿಯೂ ಹೋಯಿತು.

2012ರ ಮಾತು. ಒಂದು ಅಂಗಡಿಯಲ್ಲಿ ಗಾಜಿನ ಹಿಂದೆ ಐದು ಲ್ಯಾಬ್ರಡಾರ್ ಮರಿಗಳಿದ್ದವು. ನಾಲ್ಕು ಮಲಗಿದ್ದವು, ಒಂದು ಎದ್ದು ನನ್ನ ಬೆರಳು ನೆಕ್ಕಿತು. ಕಥೆ ಅಲ್ಲಿಗೆ ಮುಗಿಯಿತು. "ನಲವತ್ತೈದು ದಿನದ ಮರಿ ಸಾರ್, ಇಂಜೆಕ್ಷನ್ ಎಲ್ಲಾ ಆಗಿದೆ." ರಟ್ಟಿನ ಡಬ್ಬದಲ್ಲಿ ಹಳೇ ಟವೆಲ್ ಹಾಸಿಕೊಂಡು ಆಟೋದಲ್ಲಿ ಮನೆಗೆ ತಂದೆ. ಮೂರನೇ ದಿನ ಹಾಲು ಮೂಸಿ ಮುಖ ತಿರುಗಿಸಿತು. ರಾತ್ರಿ ಹಳದಿ ನೊರೆ ವಾಂತಿ. ಬೆಳಗ್ಗೆ ರಕ್ತದ ಭೇದಿ. ಆ ವಾಸನೆ ಒಂದು ಸಲ ಮೂಗಿಗೆ ಬಡಿದರೆ ಜನ್ಮಕ್ಕೆ ಮರೆಯಲ್ಲ. ಇದು ಪಾರ್ವೋ, ನಾಯಿಮರಿಗಳ ಕರುಳಿಗೆ ಬರೋ ವೈರಸ್ ಕಾಯಿಲೆ. ಅದನ್ನು ಕಂಡವರಿಗೆ ನಾನು ಏನು ಹೇಳುತ್ತಿದ್ದೇನೆ ಅಂತ ಗೊತ್ತು. ಡಾಕ್ಟರ್ ಮುಂಗಾಲಿಗೆ ಡ್ರಿಪ್ ಹಾಕಿದರು. ಆ ಕಾಲು ಎಷ್ಟು ಸಣ್ಣ ಅಂದರೆ ಒಂದು ತುಂಡು ಪ್ಲಾಸ್ಟರ್ ಮೂರು ಸುತ್ತು ಬಂತು. ಆಮೇಲೆ ಅವರು ಮರಿಯ ಬಾಯಿ ಬಿಡಿಸಿ ಹಲ್ಲು ನೋಡಿದರು. ಕೆಳಗಿನ ಹಲ್ಲು ಆಗಷ್ಟೇ ಒಸಡು ಸೀಳಿಕೊಂಡು ಬರುತ್ತಿತ್ತು. "ಇದಕ್ಕೆ ಒಂದು ತಿಂಗಳು ತುಂಬಿದ್ದರೆ ಹೆಚ್ಚು. ತಾಯಿ ಹತ್ತಿರ ಇರಬೇಕಾದ ಮರಿ ಇದು" ಅಂದರು. ಎರಡು ದಿನ ಬಿಟ್ಟು ಹೋಯಿತು. ಇನ್ನೂ ಹೆಸರೂ ಇಟ್ಟಿರಲಿಲ್ಲ.

ಅಂಗಡಿಗೆ ಹೋಗಿ ಜಗಳ ಆಡೋಣ ಅಂತ ಹೋದೆ. ಆತ ಜಗಳ ಆಡಲಿಲ್ಲ. "ಬೇಜಾರು ಮಾಡ್ಕೋಬೇಡಿ ಸಾರ್, ಇನ್ನೊಂದು ತಗೊಂಡು ಹೋಗಿ" ಅಂದ. ಮಿಕ್ಸಿ ಕೆಟ್ಟರೆ ಬದಲಿಸಿ ಕೊಡೋ ಥರ. ಗಾಜಿನ ಹಿಂದೆ ಬೇರೆ ಮರಿಗಳಿದ್ದವು. ಇವುಗಳ ಅಮ್ಮ ಎಲ್ಲಿದ್ದಾಳೆ ಅನ್ನೋ ಪ್ರಶ್ನೆ ನನಗೆ ಹೊಳೆದದ್ದು ಆಗ.

ಕಾನೂನು ಆಗ ಇಷ್ಟು ಸ್ಪಷ್ಟವಾಗಿರಲಿಲ್ಲ. 2017ರಲ್ಲಿ ಕೇಂದ್ರ ಸರ್ಕಾರ ನಾಯಿ ತಳಿ ಸಾಕಣೆ ಮತ್ತು ಮಾರಾಟಕ್ಕೇ ಅಂತ ನಿಯಮ ಮಾಡಿತು. ಮರಿ ಮಾಡಿ ಮಾರುವವರು ರಾಜ್ಯದ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಮಾಡಿಸಬೇಕು. ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ. ಹದಿನೆಂಟು ತಿಂಗಳು ತುಂಬದ ಹೆಣ್ಣು ನಾಯಿಯಿಂದ ಮರಿ ಹಾಕಿಸುವಂತಿಲ್ಲ, ಎಂಟು ವರ್ಷ ದಾಟಿದ ಮೇಲೂ ಇಲ್ಲ. ಜೀವಮಾನದಲ್ಲಿ ಐದು ಸೂಲಿಗಿಂತ ಜಾಸ್ತಿ ಇಲ್ಲ. ಮರಿ ಕೊಳ್ಳುವವರಿಗೆ ಅಂತ ಓದಿದರೂ ಇದರಲ್ಲಿ ಅರ್ಧಕ್ಕರ್ಧ ಇರೋದು ಅಮ್ಮನ ಬಗ್ಗೆ. ಇಷ್ಟಾದರೂ ವಾಟ್ಸಾಪಿನಲ್ಲಿ "35 ದಿನದ ಬೀಗಲ್ ಮರಿ ಮಾರಾಟಕ್ಕಿದೆ" ಅನ್ನೋ ಫೋಟೋ ನನಗೇ ಬರುತ್ತಿರುತ್ತವೆ.

ಅಮ್ಮನ್ನ ನೋಡಿ ಏನು ಮಾಡೋದು ಅಂತೀರಾ? ಹೋದ ವರ್ಷ ಆಫೀಸಿನ ಗೆಳೆಯರೊಬ್ಬರ ಜೊತೆ ಬೀಗಲ್ ಮರಿ ನೋಡೋಕೆ ಎರಡು ಕಡೆ ಹೋಗಿದ್ದೆ. ಮೊದಲನೇ ಕಡೆ ಗೇಟಿನಲ್ಲೇ ನಿಲ್ಲಿಸಿ ಮರಿಯನ್ನು ಕೈಗೆ ತಂದುಕೊಟ್ಟರು. ತಾಯಿ ಎಲ್ಲಿ ಅಂದರೆ, "ಊರಲ್ಲಿದೆ." ಒಳಗೆ ಎಲ್ಲೋ ನಾಯಿ ಬೊಗಳುತ್ತಿತ್ತು. ಅದು ಯಾವುದು ಅಂದರೆ, "ಅದು ಬೇರೇದು." ಎರಡು ನಿಮಿಷದಲ್ಲಿ ಕಾರು ಹತ್ತಿದೆವು. ಎರಡನೇ ಕಡೆ ಒಬ್ಬ ಹೆಂಗಸು ನಮ್ಮನ್ನು ನೇರವಾಗಿ ಅಡುಗೆಮನೆಗೆ ಕರೆದುಕೊಂಡು ಹೋದರು. ಗ್ಯಾಸ್ ಸಿಲಿಂಡರ್ ಪಕ್ಕ ಹಳೇ ಸೀರೆ ಹಾಸಿದ ಜಾಗ, ಅದರಲ್ಲಿ ನಾಲ್ಕು ಮರಿ. ತಾಯಿ ಎದ್ದು ಬಂದು ನಮ್ಮಿಬ್ಬರ ಚಪ್ಪಲಿ ಮೂಸಿ, ಒಂದು ಸಲ ಗುರ್ ಅಂದು, ಯಜಮಾನಿ ಕಾಲಿನ ಮೇಲೆ ಹೋಗಿ ಕೂತಿತು. ಮೈ ತುಂಬಿಕೊಂಡಿತ್ತು. ಕೂದಲು ಹೊಳೆಯುತ್ತಿತ್ತು. ಯಜಮಾನಿ ಕೈ ಎತ್ತಿದರೆ ಬೆದರಲಿಲ್ಲ. ತಾಯಿಯಂತೆ ಮಗಳು, ನೂಲಿನಂತೆ ಸೀರೆ ಅನ್ನೋ ಗಾದೆ ನಾಯಿಗಂತೂ ಸುಳ್ಳಲ್ಲ. ಹೆದರಿ ಹೆದರಿ ಬದುಕಿದ ತಾಯಿಯ ಮರಿಯೂ ಸದ್ದಿಗೆ, ಜನಕ್ಕೆ ಬೆಚ್ಚುವುದು ಹೆಚ್ಚು. ಆ ಹೆಂಗಸು ಮರಿ ಕೊಡುವ ಮೊದಲು ನಮ್ಮನ್ನೇ ಅರ್ಧ ಗಂಟೆ ವಿಚಾರಿಸಿದರು. ಮನೆಯಲ್ಲಿ ಹಗಲು ಯಾರಿರುತ್ತಾರೆ, ಬಾಡಿಗೆಯೋ ಸ್ವಂತವೋ, ಊರಿಗೆ ಹೋದಾಗ ಏನು ಮಾಡುತ್ತೀರಿ. ಗೆಳೆಯರಿಗೆ ಸಿಟ್ಟು ಬಂತು, ನನಗೆ ಖುಷಿಯಾಯಿತು.

ಜಾತಿ ನಾಯಿಗೆ ಪೇಪರ್ ಇರುತ್ತೆ ಅಂದಿದ್ದರಲ್ಲ, ಅದರ ಬಗ್ಗೆ ಒಂದು ಮಾತು. ಜಾತಿ ನಾಯಿಗಳನ್ನು ನೋಂದಾಯಿಸೋ ಕೆನಲ್ ಕ್ಲಬ್ ಕೊಡೋ ಸರ್ಟಿಫಿಕೇಟ್ ಹೇಳೋದು ವಂಶಾವಳಿ. ಆರೋಗ್ಯ ಅಲ್ಲ. ಲ್ಯಾಬ್ರಡಾರ್, ಜರ್ಮನ್ ಶೆಫರ್ಡ್‌ಗಳಿಗೆ ಸೊಂಟದ ಕೀಲು ಸರಿಯಾಗಿ ಕೂರದ ತೊಂದರೆ ವಂಶದಲ್ಲೇ ಬರುತ್ತದೆ. ತಾಯಿ ತಂದೆಯ ಸೊಂಟದ ಎಕ್ಸ್‌ರೇ ಇದೆಯಾ ಅಂತ ಕೇಳಿ. ಹೆಚ್ಚಿನವರು ನಿಮ್ಮನ್ನು ವಿಚಿತ್ರವಾಗಿ ನೋಡುತ್ತಾರೆ. ಎಕ್ಸ್‌ರೇ ತೆಗೆದು ತೋರಿಸುವವರು ಸಿಕ್ಕರೆ ಅವರನ್ನು ಬಿಡಬೇಡಿ.

ಪಗ್, ಹಸ್ಕಿ ಬೇಕು ಅನ್ನುವವರಿಗೆ ನಾನು ಬೇಡ ಅಂತಲೇ ಹೇಳೋದು. 2003ರಲ್ಲಿ ಹುಡುಗನ ಹಿಂದೆ ಪಗ್ ಓಡೋ ಹಚ್ ಮೊಬೈಲ್ ಕಂಪನಿಯ ಜಾಹೀರಾತು ಬಂದಾಗಿನಿಂದ ಮನೆ ಮನೆಗೆ ಪಗ್ ಬಂತು. ಚಪ್ಪಟೆ ಮೂಗಿಗೆ ಉಸಿರು ಸಾಲದೆ ಅದು ಗೊರಕೆ ಹೊಡೆಯೋದನ್ನೇ ನಾವು ಮುದ್ದು ಅಂದುಕೊಂಡೆವು. ಹಿಮದಲ್ಲಿ ಗಾಡಿ ಎಳೆಯೋ ಹಸ್ಕಿಯನ್ನು ಏಪ್ರಿಲ್ ತಿಂಗಳ ಬೆಂಗಳೂರಿನಲ್ಲಿ ಕಟ್ಟಿಹಾಕಿದರೆ ಅದರ ಗತಿ ಏನು? ಏಸಿ ಹಾಕ್ತೀವಿ ಅಂತಾರೆ. ಹಾಕಲಿ.

ಈಚೆಗೆ ಮುಧೋಳ ನಾಯಿ ಕೇಳುವವರು ಜಾಸ್ತಿ. ನಮ್ಮ ನಾಡಿನ ನಾಯಿ, ಸೈನ್ಯಕ್ಕೂ ಹೋಗಿದೆ, 2005ರಲ್ಲಿ ಅಂಚೆ ಚೀಟಿಯೂ ಬಂದಿದೆ, ಹೆಮ್ಮೆ ಸಹಜ. ಬಾಗಲಕೋಟೆ ಜಿಲ್ಲೆಯ ಮುಧೋಳದ ಹತ್ತಿರ ತಿಮ್ಮಾಪುರದಲ್ಲಿ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರವೇ ಇದೆ. ಅಮ್ಮನ್ನ ನೋಡಿ ಮರಿ ತರಬೇಕು ಅನ್ನುವವರಿಗೆ ಸುತ್ತಲ ಹಳ್ಳಿಗಳೇ ಒಳ್ಳೇ ಜಾಗ, ತಲೆತಲಾಂತರದಿಂದ ಸಾಕಿದವರಿದ್ದಾರೆ. ಆದರೆ ಇದು ಕಣ್ಣಿಗೆ ಬಿದ್ದದ್ದನ್ನು ಅಟ್ಟಿ ಹಿಡಿಯೋ ಬೇಟೆ ನಾಯಿ. ದಿನಾ ಬಿಚ್ಚಿ ಓಡಿಸಲು ಬಯಲು ಬೇಕು. ಎರಡು ರೂಮಿನ ಮನೆಯಲ್ಲಿ ಸೋಫಾ ಮೊದಲು ಹೋಗುತ್ತದೆ, ಆಮೇಲೆ ನಿಮ್ಮ ನೆಮ್ಮದಿ. ಪರಿಚಯದವರೊಬ್ಬರ ಮುಧೋಳ ನಾಯಿಗೆ ಇನ್ನೊಂದು ಕಷ್ಟ. ಮೈಯೇ ಸಣಕಲು, ಪಕ್ಕೆಲುಬು ಕಾಣೋದು ಅದರ ರೂಢಿ. ದಾರೀಲಿ ಹೋಗುವವರು ನಿಲ್ಲಿಸಿ, "ಪಾಪ, ಊಟ ಹಾಕಲ್ವಾ?" ಅಂತ ಬೈದು, ಪಾರ್ಲೆ‌-ಜಿ ಪೊಟ್ಟಣ ಬಿಚ್ಚುತ್ತಾರೆ.

ಇನ್ನು ಮಾವನ ತೋಟ. ಪುಕ್ಕಟೆ ಮರಿ ಅಂದರೆ ಎಲ್ಲರಿಗೂ ಖುಷಿ. ನಾನು ಹೋಗಿ ನೋಡಿದ್ದೇನೆ. ಒಂದು ಸೂಲಿನಲ್ಲಿ ಆರು ಮರಿ ಹುಟ್ಟಿದರೆ ಅಕ್ಕಪಕ್ಕದವರು ಬಂದು ಗಂಡು ಮರಿಗಳನ್ನು ಒಯ್ಯುತ್ತಾರೆ. ಹೆಣ್ಣು ಮರಿ ಯಾರಿಗೂ ಬೇಡ. ಗೋಣಿಚೀಲಕ್ಕೆ ಹಾಕಿ ಸಂತೆ ಮಾಳದಲ್ಲೋ, ದೇವಸ್ಥಾನದ ಹಿಂದೆಯೋ ಬಿಟ್ಟು ಬರುತ್ತಾರೆ. ಮಾವ ಕೆಟ್ಟವರಲ್ಲ. ನಾಯಿಗೆ ಅನ್ನ ಹಾಕದೆ ತಾವು ಉಂಡವರಲ್ಲ. ಆದರೆ ಆಪರೇಷನ್ ಮಾಡಿಸೋಣ ಅಂದರೆ, "ಪ್ರಕೃತಿಗೆ ವಿರುದ್ಧ" ಅಂತಾರೆ. ಗೋಣಿಚೀಲ ಯಾವ ಪ್ರಕೃತಿ ಅಂತ ಕೇಳಬೇಕು ಅನ್ನಿಸಿತ್ತು, ಹಿರಿಯರು ಅಂತ ಸುಮ್ನಾದೆ. ಕೊನೆಗೆ ಅತ್ತೆ ಒಪ್ಪಿದರು. ತಾಲ್ಲೂಕಿನ ಪಶು ಡಾಕ್ಟರ ಹತ್ತಿರ ಜೀಪಿನಲ್ಲಿ ಕರೆದೊಯ್ದು ಮಾಡಿಸಿದೆವು. ಪುಕ್ಕಟೆ ಮರಿ ತರುವವರು ಆ ಪುಕ್ಕಟೆಗೆ ಬದಲಾಗಿ ಅದರ ತಾಯಿಯ ಆಪರೇಷನ್ ಖರ್ಚು ಕೊಟ್ಟು ಬಂದರೆ ಲೆಕ್ಕ ಸರಿಹೋಗುತ್ತದೆ.

ಬೀದಿ ಮರಿ ವಿಷಯದಲ್ಲೂ ಅಷ್ಟೇ. ಮಳೆಯಲ್ಲಿ ಮರಿ ಕುಂಯ್ ಅಂದರೆ ಸಾಕು, ಅನಾಥ ಅಂತ ಎತ್ತಿಕೊಂಡು ಬರುತ್ತಾರೆ. ಎಷ್ಟೋ ಸಲ ತಾಯಿ ಅನ್ನ ಹುಡುಕಿಕೊಂಡು ಹೋಗಿರುತ್ತಾಳೆ, ಅಷ್ಟೇ. ಒಂದೆರಡು ಗಂಟೆ ದೂರ ನಿಂತು ನೋಡಿ. ತಾಯಿ ಇದ್ದರೆ ಅವಳಿಗೆ ಊಟ ಹಾಕಿ, ಮರಿಗೆ ಎಂಟು ವಾರ ಆಗಲಿ. ಮರಿಗಳು ಹಾಲು ಬಿಟ್ಟ ಮೇಲೆ ತಾಯಿಯ ಆಪರೇಷನ್‌ಗೆ ಪಾಲಿಕೆಗೆ ಹೇಳಿ. ಆಪರೇಷನ್ ಆದ ನಾಯಿಯ ಕಿವಿ ತುದಿಯಲ್ಲಿ ಸಣ್ಣ ಕಚ್ಚು ಇರುತ್ತದೆ, ಅದೇ ಗುರುತು. 2023ರಲ್ಲಿ ಆಗಿನ ಬಿಬಿಎಂಪಿ ಎಣಿಸಿದಾಗ ಬೆಂಗಳೂರಿನಲ್ಲಿ ಸುಮಾರು 2.79 ಲಕ್ಷ ಬೀದಿ ನಾಯಿಗಳಿದ್ದವು. ಇವನ್ನೆಲ್ಲ ಮನೆಗೆ ತಂದು ಮುಗಿಸೋಕೆ ಆಗಲ್ಲ. ಮರಿ ತಂದು ತಾಯಿಯನ್ನು ಹಾಗೇ ಬಿಟ್ಟರೆ ಆರು ತಿಂಗಳಲ್ಲಿ ಅದೇ ಚರಂಡಿ ಪಕ್ಕ ಇನ್ನೊಂದು ಸೂಲು.

ಬೀದಿ ಮರಿಗಳನ್ನು ದತ್ತು ಕೊಡುವ ಗೆಳೆಯರ ಮೇಲೂ ನನಗೆ ತಕರಾರಿದೆ, ಅವರು ಬೈದುಕೊಂಡರೂ ಸರಿ. ಕೆಲವರು ಭಾನುವಾರದ ಶಿಬಿರದಲ್ಲಿ ತಿಂಗಳ ಮರಿಯನ್ನು ಕಾಲೇಜು ಹುಡುಗರ ಕೈಗೆ ಕೊಟ್ಟು ಕಳಿಸುತ್ತಾರೆ. ಕೆಲವರು ನಲವತ್ತು ಪ್ರಶ್ನೆಯ ಫಾರಂ ಕೊಟ್ಟು, ಬಾಡಿಗೆ ಮನೆ ಅಂದ ಕೂಡಲೇ ಆಗಲ್ಲ ಅನ್ನುತ್ತಾರೆ. ಆ ಬಾಡಿಗೆಯವರು ನೇರ ಅಂಗಡಿಗೆ ಹೋಗುತ್ತಾರೆ. ಅಂಗಡಿಯವನಿಗೆ ಫಾರಂ ಇಲ್ಲ.

ಹಾಗಾದರೆ ನೀವು ಏನು ಮಾಡಬೇಕು? ಮೊದಲನೇ ಸಲ ಸಾಕುವವರಿಗೆ ನಾನು ಮರಿಯನ್ನೇ ಬೇಡ ಅನ್ನುತ್ತೇನೆ. ಒಂದೂವರೆ ಎರಡು ವರ್ಷದ ಬೆಳೆದ ನಾಯಿ ತನ್ನಿ. ಅದು ಎಷ್ಟು ದೊಡ್ಡದಾಗುತ್ತದೆ, ಮಕ್ಕಳ ಜೊತೆ ಹೇಗೆ, ಪಟಾಕಿಗೆ ಹೆದರುತ್ತದಾ, ಎಲ್ಲ ಎದುರಿಗೇ ಕಾಣುತ್ತದೆ. ಇಲ್ಲಿ ಅಮ್ಮನ್ನ ಹುಡುಕುವ ಕೆಲಸವೂ ಇಲ್ಲ. ಬೆಳೆದ ನಾಯಿ ನಮಗೆ ಹೊಂದಿಕೊಳ್ಳಲ್ಲ ಅಂತಾರೆ. ಮಂಡ್ಯ ಜಿಲ್ಲೆಯ ಆತಕೂರಿನ ಶಾಸನ ಗೊತ್ತಲ್ವಾ? ಸುಮಾರು 950ನೇ ಇಸವಿಯದು, ಈಗ ಬೆಂಗಳೂರಿನ ಸರ್ಕಾರಿ ಮ್ಯೂಸಿಯಮ್ಮಿನಲ್ಲಿದೆ. ಯುದ್ಧದಲ್ಲಿ ಪರಾಕ್ರಮ ತೋರಿಸಿದ ಮಣಲೆರ ಅನ್ನೋ ವೀರನಿಗೆ ಒಡೆಯ ಮೆಚ್ಚಿ, ಬೇಕಾದ್ದು ಕೇಳು ಅಂದಾಗ ಅವನು ಕೇಳಿದ್ದು ಕಾಳಿ ಅನ್ನೋ ಬೇಟೆ ನಾಯಿಯನ್ನು. ಮರಿಯನ್ನಲ್ಲ, ಬೇರೆಯವರ ಮನೆಯಲ್ಲಿ ಬೆಳೆದ ನಾಯಿಯನ್ನು. ಅದು ಕಾಡುಹಂದಿಯ ಜೊತೆ ಹೋರಾಡಿ ಸತ್ತಾಗ ಅವನು ಕಲ್ಲು ನೆಡಿಸಿ, ಪೂಜೆ ನಡೆಯಲಿ ಅಂತ ಜಮೀನನ್ನೂ ಬಿಟ್ಟ. ಸತ್ತ ನಾಯಿಗೆ ಜಮೀನು! ನಮ್ಮಲ್ಲಿ ಬದುಕಿರೋ ನಾಯಿಗೆ ಊರಿಗೆ ಹೋಗುವಾಗ ಒಂದು ವಾರದ ವ್ಯವಸ್ಥೆ ಇರಲ್ಲ.

ಖರ್ಚಿನ ಬಗ್ಗೆಯೂ ಕೇಳುತ್ತಾರೆ. ಚುಕ್ಕಿಗೆ ನಮ್ಮ ಮನೆಯಲ್ಲಿ ತಿಂಗಳಿಗೆ ಸುಮಾರು ಎರಡೂವರೆ ಸಾವಿರ ಆಗುತ್ತದೆ. ಅನ್ನ, ಮೊಟ್ಟೆ, ಕೋಳಿ, ಉಣ್ಣಿಯ ಮಾತ್ರೆ ಎಲ್ಲ ಸೇರಿ. ರೇಬಿಸ್ ಲಸಿಕೆ ಮರಿಗೆ ಮೂರು ತಿಂಗಳಾದಾಗ, ಆಮೇಲೆ ಡಾಕ್ಟರ್ ಹೇಳಿದಂತೆ ಪ್ರತಿ ವರ್ಷ. ಇದರಲ್ಲಿ ನಾಳೆ ನಾಡಿದ್ದು ಇಲ್ಲ. ಯಾವ ನಾಯಿ ಕಚ್ಚಿದರೂ ಗಾಯವನ್ನು ಸೋಪು ಹಾಕಿ ಹರಿಯೋ ನೀರಲ್ಲಿ ಹದಿನೈದು ನಿಮಿಷ ತೊಳೆದು ಆಸ್ಪತ್ರೆಗೆ ಹೋಗಿ. ಅರಿಶಿನ, ಸುಣ್ಣ ಹಚ್ಚಬೇಡಿ. ಮೇಲಿನ ಮನೆಯವರಿಗೆ ಹೇಳಿ, ಅಪಾರ್ಟ್‌ಮೆಂಟಿನಲ್ಲಿ ನಾಯಿ ಸಾಕಬಾರದು ಅಂತ ಸಂಘದವರು ನಿಷೇಧ ಹಾಕುವಂತಿಲ್ಲ ಅಂತ ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲೇ ಹೇಳಿದೆ. ಹಾಗಂತ ಲಿಫ್ಟಿನ ಮುಂದೆ ಮಾಡಿದ ಹೇಲನ್ನು ನೀವೇ ಎತ್ತಬೇಕು. ಜಗಳ ಶುರುವಾಗೋದು ಹೆಚ್ಚಾಗಿ ಅಲ್ಲಿಂದಲೇ.

ಚುಕ್ಕಿ ಎಲ್ಲಿಂದ ಬಂದಳು ಅಂತ ಹೇಳಲೇ ಇಲ್ಲ. ನಮ್ಮ ರಸ್ತೆ ಕೊನೆಯ ಬೇಕರಿಯ ಮುಂದಿನಿಂದ. ಒಂದೂವರೆ ವರ್ಷದವಳಿದ್ದಾಗ ಬಂದಳು, ಕಿವಿಯಲ್ಲಿ ಕಚ್ಚು ಆಗಲೇ ಇತ್ತು. ಅವಳಮ್ಮ ಇನ್ನೂ ಅಲ್ಲೇ ಇದ್ದಾಳೆ, ಬೇಕರಿಯವರು ಜಯಮ್ಮ ಅಂತ ಕರೆಯುತ್ತಾರೆ. ಸ್ಕೂಲ್ ಮಕ್ಕಳು ಬೆನ್ನ ಮೇಲೆ ಬ್ಯಾಗ್ ಇಟ್ಟರೂ ಏಳದ ಜೀವ. ಅವಳನ್ನು ನೋಡಿಯೇ ಮಗಳನ್ನು ತಂದದ್ದು. ಮೊದಲ ಒಂದು ತಿಂಗಳು ಸಂಜೆ ವಾಕ್ ಹೋದಾಗ ತಾಯಿ ಮಗಳು ನಿಂತು ಮೂಸಿಕೊಳ್ಳುತ್ತಿದ್ದರು. ನನ್ನ ಹೆಂಡತಿ ಕಣ್ಣು ಒರೆಸಿಕೊಂಡದ್ದೂ ಇದೆ. ಈಗ ಬೇಕರಿಯವರು ಬನ್ನಿನ ತುಂಡು ಎಸೆದರೆ ಇಬ್ಬರೂ ಹಲ್ಲು ತೋರಿಸಿ ಕಿತ್ತಾಡುತ್ತಾರೆ. ಹೆಚ್ಚಾಗಿ ಜಯಮ್ಮನೇ ಗೆಲ್ಲೋದು.