ಅಜ್ಜನಿಗೂ ಎಸ್, ನಾಯಿಗೂ ಎಸ್

ವ್ಯಾಕರಣ ಪುಸ್ತಕಗಳು ಪ್ರೆಸೆಂಟ್ ಸಿಂಪಲ್ ಎಂದು ಕರೆಯುವ ಸರಳ ವರ್ತಮಾನ ಕಾಲವನ್ನು ಇಂಗ್ಲಿಷ್ ಕಲಿಕೆಯ ಆರಂಭದಲ್ಲಿಯೇ ಹೇಳಿಕೊಟ್ಟು ಮುಗಿಸಿಬಿಡುತ್ತಾರೆ. ಪದವಿ ಪಡೆದವರೂ ಮಾತಿನಲ್ಲಿ ಎಡವುವುದು ಬಹುಪಾಲು ಇದೇ ಕಾಲದಲ್ಲಿ ಎಂಬುದು, ತೀರ್ಥಹಳ್ಳಿ ಕಡೆಯ ನಮ್ಮೂರಿನಲ್ಲಿ ಸಂಜೆ ಹೊತ್ತು ನೆರೆಹೊರೆಯ ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಡುವ ನನಗೆ ಕಂಡುಬಂದಿರುವ ಸಂಗತಿ.

ನಿಯಮವೇನೋ ಚಿಕ್ಕದು. ಐ, ಯೂ, ವಿ, ದೇ ಎಂಬವುಗಳ ಜೊತೆಗೆ ಕ್ರಿಯಾಪದ ಇದ್ದ ಹಾಗೆಯೇ ಬರುತ್ತದೆ; ಹೀ, ಶೀ, ಇಟ್ ಬಂದಾಗ ಅದರ ಕೊನೆಗೆ ಎಸ್ ಸೇರುತ್ತದೆ. ಹೋಗುತ್ತೇನೆ, ಹೋಗುತ್ತೀಯೆ, ಹೋಗುತ್ತಾಳೆ, ಹೋಗುತ್ತದೆ ಎಂದು ಕರ್ತೃವಿಗೆ ತಕ್ಕಂತೆ ಪ್ರತ್ಯಯ ಬದಲಾಯಿಸುತ್ತಲೇ ಮಾತು ಕಲಿತ ನಮಗೆ ಈ ಒಂದು ಎಸ್ ಭಾರವಾಗಬಾರದು. ಆದರೂ ಅದು ಬಿಟ್ಟುಹೋಗುವುದಕ್ಕೆ ನಮ್ಮ ಮರ್ಯಾದೆಯ ಬಹುವಚನವೂ ಒಂದು ಕಾರಣವೆಂದು ನನ್ನ ಅಭಿಪ್ರಾಯ. ಅಜ್ಜ ಬೆಳಿಗ್ಗೆ ತೋಟಕ್ಕೆ ಹೋಗುತ್ತಾರೆ ಎಂದೇ ಹೇಳಿ ಬೆಳೆದ ಮಗು ‘ಮೈ ಗ್ರ್ಯಾಂಡ್‌ಫಾದರ್ ಗೋ’ ಎಂದು ಬರೆದು, ಮುಂದಿನ ವಾಕ್ಯದಲ್ಲಿ ‘ದೇ ಕಮ್ ಹೋಮ್ ಅಟ್ ಟ್ವೆಲ್ವ್’ ಎಂದು ಸೇರಿಸುತ್ತದೆ. ಕನ್ನಡ ಬಾರದವರು ಓದಿದರೆ ಅಜ್ಜನ ಜೊತೆಗೆ ಊಟಕ್ಕೆ ಇನ್ನೂ ಯಾರು ಯಾರು ಬಂದರೋ ಎಂದುಕೊಂಡಾರು. ತಿದ್ದಿದಾಗ ಹುಡುಗಿಯೊಬ್ಬಳು, ‘ಅಜ್ಜನಿಗೆ ಹೀ ಅಂದರೆ ಏಕವಚನದಲ್ಲಿ ಕರೆದ ಹಾಗೆ ಆಗುವುದಿಲ್ಲವಾ ಅಕ್ಕಾ?’ ಎಂದು ಕೇಳಿದ್ದಳು. ಪ್ರಶ್ನೆ ನ್ಯಾಯವಾದದ್ದೇ. ಇಂಗ್ಲಿಷಿನ ಈ ಎಸ್ ಹಿರಿಕಿರಿತನವನ್ನು ನೋಡುವುದಿಲ್ಲ. ಅಜ್ಜ ಬಂದರೂ ‘ಕಮ್ಸ್’, ಅಂಗಳದ ನಾಯಿ ಬಂದರೂ ‘ಕಮ್ಸ್’, ಮುಖ್ಯಮಂತ್ರಿಗಳು ಬಂದರೂ ‘ಕಮ್ಸ್’. ಒಂದೋ ಹಲವೋ ಎಂಬುದಷ್ಟೇ ಅದಕ್ಕೆ ಬೇಕು. ‘ದ ತುಂಗಾ ಮೀಟ್ಸ್ ದ ಭದ್ರಾ ಅಟ್ ಕೂಡಲಿ’ ಎಂಬಲ್ಲಿ ಇರುವ ಎಸ್, ‘ದ ತುಂಗಾ ಅಂಡ್ ದ ಭದ್ರಾ ಮೀಟ್ ಅಟ್ ಕೂಡಲಿ’ ಎನ್ನುವಾಗ ಹೋಗಿಬಿಡುತ್ತದೆ. ಹೊಳೆಗಳು ಅವೇ, ಲೆಕ್ಕ ಮಾತ್ರ ಬದಲಾಯಿತು.

ಕಾಗುಣಿತದ ವಿಚಾರವನ್ನು ಬೇಗ ಮುಗಿಸಬಹುದು. ಗೋ, ವಾಚ್ ಮೊದಲಾದವಕ್ಕೆ ಇ ಮತ್ತು ಎಸ್ ಎರಡೂ ಸೇರುತ್ತವೆ. ಕೊನೆಯ ವೈ ಅಕ್ಷರದ ಹಿಂದೆ ವ್ಯಂಜನವಿದ್ದರೆ ಆ ವೈ ಹೋಗಿ ಐ-ಇ-ಎಸ್ ಬರುತ್ತದೆ. ‘ಪ್ಲೇ’ಯಲ್ಲಿ ವೈ ಹಿಂದೆ ಸ್ವರವಿರುವುದರಿಂದ ಬರಿಯ ಎಸ್ ಸಾಕು. ‘ಹ್ಯಾವ್’ ಎಂಬುದು ‘ಹ್ಯಾಸ್’ ಆಗುತ್ತದೆ.

ನಿಷೇಧ ವಾಕ್ಯದ ಪಾಠಕ್ಕೆ ಕನ್ನಡವೇ ನೆರವಿಗೆ ಬರುತ್ತದೆ. ನಾನು ಹತ್ತುವುದಿಲ್ಲ, ಅವನು ಹತ್ತುವುದಿಲ್ಲ, ಅವರು ಹತ್ತುವುದಿಲ್ಲ ಎನ್ನುವಾಗ ನಮ್ಮ ಕ್ರಿಯಾಪದವೂ ಪ್ರತ್ಯಯಗಳನ್ನೆಲ್ಲ ಕಳಚಿಟ್ಟು ಒಂದೇ ರೂಪದಲ್ಲಿ ನಿಲ್ಲುತ್ತದೆ. ಇಂಗ್ಲಿಷಿನಲ್ಲಿ ‘ಹೀ ಡಸ್ ನಾಟ್ ಕ್ಲೈಂಬ್’ ಎನ್ನುವಾಗ ಕ್ಲೈಂಬ್ ಬರಿದಾಗುತ್ತದೆ, ಅದರ ಎಸ್ ‘ಡಸ್’ ಪಾಲಾಗುತ್ತದೆ. ಪ್ರಶ್ನೆಯಲ್ಲಿಯೂ ಹೀಗೆಯೇ: ‘ಡಸ್ ಹೀ ಕ್ಲೈಂಬ್?’ ಎರಡು ಕಡೆಯೂ ಎಸ್ ಹಚ್ಚಿ ‘ಡಸ್ ಹೀ ಕ್ಲೈಂಬ್ಸ್’ ಎನ್ನುವವರಿಗೆ ಈ ಹೋಲಿಕೆಯನ್ನು ಒಮ್ಮೆ ತೋರಿಸಿದರೆ ತಪ್ಪು ಬಹುಮಟ್ಟಿಗೆ ನಿಲ್ಲುತ್ತದೆ.

ಬಳಕೆಯನ್ನು ಕಲಿಸುವುದಕ್ಕೆ ಅಡಿಕೆ ಕೊಯ್ಲಿಗಿಂತ ಒಳ್ಳೆಯ ಸಾಮಗ್ರಿ ನಮ್ಮ ಕಡೆ ಸಿಗಲಾರದು. ವರ್ಷವೂ ನಡೆಯುವ, ಒಂದಾದ ಮೇಲೆ ಒಂದರಂತೆ ಬರುವ ಕೆಲಸಗಳನ್ನು ಹೇಳುವುದು ಈ ಕಾಲದ ಮುಖ್ಯ ಉದ್ಯೋಗಗಳಲ್ಲಿ ಒಂದು. ಕೊನೆಗಾರ ಮರ ಹತ್ತಿ ಕೊನೆ, ಅಂದರೆ ಅಡಿಕೆಯ ಗೊನೆ, ಕೊಯ್ಯುತ್ತಾನೆ: ‘ಹೀ ಕ್ಲೈಂಬ್ಸ್, ಹೀ ಕಟ್ಸ್’. ಹೆಂಗಸರು ಮೆಟ್ಟುಗತ್ತಿಯ ಮುಂದೆ ಸಾಲಾಗಿ ಕುಳಿತು ಸುಲಿಯುತ್ತಾರೆ: ‘ದ ವಿಮೆನ್ ಪೀಲ್’, ಇಲ್ಲಿ ಎಸ್ ಇಲ್ಲ. ಸುಲಿದದ್ದನ್ನು ಚೊಗರು (ಅಡಿಕೆ ಬೇಯಿಸಿದಾಗ ಉಳಿಯುವ ಕೆಂಪು ರಸ) ಹಾಕಿದ ಹಂಡೆಯಲ್ಲಿ ಅಮ್ಮ ಬೇಯಿಸುತ್ತಾರೆ: ‘ಮದರ್ ಬಾಯ್ಲ್ಸ್’. ಆಮೇಲೆ ಬಿಸಿಲು ಒಣಗಿಸುತ್ತದೆ: ‘ದ ಸನ್ ಡ್ರೈಸ್’, ವೈ ಹೋಗಿ ಐ ಬಂದ ರೂಪ. ಕಣ್ಣೆದುರಿನ ಕೆಲಸವಾದ್ದರಿಂದ ಮಕ್ಕಳು ಕರ್ತೃ ಒಬ್ಬರೋ ಹಲವರೋ ಎಂಬುದನ್ನು ತಾವಾಗಿಯೇ ಗಮನಿಸತೊಡಗುತ್ತಾರೆ.

ಈ ಕ್ಷಣ ನಡೆಯುತ್ತಿರುವುದನ್ನು ಹೇಳಲು ಇಂಗ್ಲಿಷಿಗೆ ಬೇರೆ ರೂಪವಿದೆ. ‘ಇಟ್ ರೇನ್ಸ್ ಹೆವಿಲಿ ಇನ್ ಆಗುಂಬೆ’ ಎಂಬ ಮಾತು ಫೆಬ್ರವರಿಯ ಸುಡುಬಿಸಿಲಿನಲ್ಲಿ ಹೇಳಿದರೂ ನಿಜ. ‘ಇಟ್ ಈಸ್ ರೇನಿಂಗ್’ ಎನ್ನಬೇಕಾದರೆ ಹೊರಗೆ ಮಳೆ ಸುರಿಯುತ್ತಲೇ ಇರಬೇಕು. ಈ ವ್ಯತ್ಯಾಸ ಕನ್ನಡದಲ್ಲಿಯೂ ಉಂಟು. ಹೀಗಿದ್ದೂ ‘ಐ ಆಮ್ ನೋಯಿಂಗ್’, ‘ಐ ಆಮ್ ಹ್ಯಾವಿಂಗ್ ಟೂ ಬ್ರದರ್ಸ್’ ಎಂಬ ಮಾತುಗಳು ನಮ್ಮಲ್ಲಿ ಹೇಗೆ ನೆಲೆಯಾದವೋ ತಿಳಿಯದು. ನನಗೆ ಗೊತ್ತು, ನನಗೆ ಇಬ್ಬರು ಅಣ್ಣಂದಿರಿದ್ದಾರೆ ಎನ್ನುವಾಗ ನಾವು ಯಾವ ‘ಉತ್ತಿದ್ದೇನೆ’ಯನ್ನೂ ಸೇರಿಸುವುದಿಲ್ಲವಲ್ಲ! ತಿಳಿವಳಿಕೆ, ಇಷ್ಟ, ಒಡೆತನಗಳನ್ನು ಹೇಳುವ ಇಂಥ ಕ್ರಿಯಾಪದಗಳು ಸಾಮಾನ್ಯವಾಗಿ ಸರಳ ರೂಪದಲ್ಲಿಯೇ ಇರಬೇಕು: ‘ಐ ನೋ’, ‘ಐ ಹ್ಯಾವ್ ಟೂ ಬ್ರದರ್ಸ್’.

ಕನ್ನಡದ ರೂಢಿ ನಿಜಕ್ಕೂ ದಾರಿ ತಪ್ಪಿಸುವುದು ಭವಿಷ್ಯದ ಮಾತಿನಲ್ಲಿ. ‘ನಾಳೆ ಬರುತ್ತೇನೆ’ ಎಂಬುದು ನಮಗೆ ಸರಿಯಾದರೂ ‘ಐ ಕಮ್ ಟುಮಾರೋ’ ಸರಿಯಾಗದು. ಅಲ್ಲಿ ‘ವಿಲ್’ ಅಥವಾ ‘ಐ ಆಮ್ ಕಮಿಂಗ್’ನಂಥ ರೂಪ ಬೇಕು. ಆದರೆ ವೇಳಾಪಟ್ಟಿಯಲ್ಲಿ ನಿಗದಿಯಾದದ್ದಕ್ಕೆ, ಅಂದರೆ ತಾಳಗುಪ್ಪದ ರೈಲಿಗೋ ಶಿವಮೊಗ್ಗದ ಬಸ್ಸಿಗೋ, ‘ದ ಬಸ್ ಲೀವ್ಸ್ ಅಟ್ ಸಿಕ್ಸ್ ಟುಮಾರೋ’ ಎನ್ನಬಹುದು. ಇನ್ನು ವೆನ್, ಇಫ್, ಅಂಟಿಲ್ ಮೊದಲಾದವುಗಳಿಂದ ಆರಂಭವಾಗಿ ಸಮಯವನ್ನೋ ಷರತ್ತನ್ನೋ ಹೇಳುವ ಉಪವಾಕ್ಯದಲ್ಲಿ, ಅರ್ಥ ಭವಿಷ್ಯದ್ದಾದರೂ, ಸಾಮಾನ್ಯವಾಗಿ ‘ವಿಲ್’ ಬರುವುದಿಲ್ಲ: ‘ವೆನ್ ದ ರೈನ್ ಸ್ಟಾಪ್ಸ್, ವಿ ವಿಲ್ ಗೋ’. ಮಳೆಗಾಲದಲ್ಲಿ ಪಾಠ ಮುಗಿದ ಮೇಲೆ ಛತ್ರಿ ಇಲ್ಲದ ಮಕ್ಕಳಿಂದ ಈ ವಾಕ್ಯವನ್ನು ಬಾಯಲ್ಲಿ ಹೇಳಿಸುತ್ತೇನೆ; ‘ಸ್ಟಾಪ್’ ಎಂದು ನಿಲ್ಲಿಸಿದವರು ಎಸ್ ಸೇರಿಸಿ ಮತ್ತೆ ಹೇಳಬೇಕು.