ನಮ್ಮ ಆಲ್ಟೊಗೆ ಹೊಸ ರೇಡಿಯೇಟರ್, ಜೊತೆಗೆ ನೀರಿನ ಮಾತು

ಕಾರಿನ ರೇಡಿಯೇಟರ್ (ಇಂಜಿನ್ನಿನ ಬಿಸಿ ನೀರನ್ನು ಆರಿಸುವ ಜಾಲರಿ) ವಯಸ್ಸಾಗಿ ಹೋಗುವುದಕ್ಕಿಂತ ಕೆಟ್ಟ ನೀರಿನಿಂದ ಹೋಗುವುದೇ ಜಾಸ್ತಿ ಅಂತ ನನ್ನ ನಂಬಿಕೆ. ತಿಪಟೂರಿನ ಬೋರ್ ನೀರು ಕುಡಿದು ಬೆಳೆದವಳು ನಾನು. ಗೀಸರ್ ಕಾಯಿಲ್ ಬಿಚ್ಚಿದರೆ ಬಿಳಿ ಪೊರೆ, ಬಚ್ಚಲ ನಲ್ಲಿಯ ಬಾಯಲ್ಲಿ ಬಿಳಿ ಪೊರೆ, ಸೋಲಾರ್ ಪೈಪಿನಲ್ಲೂ ಅದೇ. ಗಡಸು ನೀರು ಕಾದಾಗ ಅದರಲ್ಲಿ ಕರಗಿದ್ದ ಸುಣ್ಣ ಬೇರ್ಪಟ್ಟು ಗೋಡೆಗೆ ಅಂಟಿಕೊಳ್ಳುತ್ತದೆ. ಶಾಲೆಯಲ್ಲಿ ಮಕ್ಕಳಿಗೆ ನಾನೇ ಈ ಪಾಠ ಮಾಡುತ್ತೇನೆ. ಅದೇ ನೀರನ್ನು ರೇಡಿಯೇಟರ್‌ಗೆ ಹಾಕಿದರೆ ಅಲ್ಲೂ ಅಷ್ಟೇ ಆಗುತ್ತದೆ. ಆದರೆ ಅದು ಕಣ್ಣಿಗೆ ಕಾಣುವುದಿಲ್ಲ.

ನಮ್ಮದು 2009ರ ಆಲ್ಟೊ, 796 ಸಿಸಿ, ಮೂರು ಸಿಲಿಂಡರ್. ಸೆಕೆಂಡ್ ಹ್ಯಾಂಡ್ ತೆಗೆದುಕೊಂಡಿದ್ದು. ಖಾಲಿ ರಸ್ತೆಯಲ್ಲಿ ಓಡುವಾಗ ಟೆಂಪರೇಚರ್ ಮುಳ್ಳು ಅರ್ಧಕ್ಕಿಂತ ಕೆಳಗೇ ಇರುತ್ತಿತ್ತು. ಕೊಬ್ಬರಿ ಹರಾಜಿನ ದಿನ ಎಪಿಎಂಸಿ ಮುಂದೆ ಲಾರಿಗಳ ನಡುವೆ ಸಿಕ್ಕಿಕೊಂಡರೆ ಮೇಲೆ ಹತ್ತುತ್ತಿತ್ತು. ಓಡುವಾಗ ಗಾಳಿ ಬಡಿಯುತ್ತದೆ, ನಿಂತಾಗ ಫ್ಯಾನ್ ಒಂದೇ ದಿಕ್ಕು. ಫ್ಯಾನ್ ಸರಿಯಾಗಿ ತಿರುಗುತ್ತಿದ್ದರೂ ಬಿಸಿ ಇಳಿಯುತ್ತಿಲ್ಲ ಅಂದರೆ ರೇಡಿಯೇಟರ್ ಒಳಗೆ ಏನೋ ಕಟ್ಟಿಕೊಂಡಿದೆ ಅಂತ ಅನುಮಾನ ಬಂತು. ರೇಡಿಯೇಟರಿಗೆ ಸೇರಿದ ಹೆಚ್ಚುವರಿ ನೀರಿನ ಡಬ್ಬಿ, ಅಂದರೆ ರಿಸರ್ವ್ ಡಬ್ಬಿಯಲ್ಲೂ ನೀರು ಕಡಿಮೆಯಾಗುತ್ತಿತ್ತು. ಬಾನೆಟ್ ಎತ್ತಿ ಟಾರ್ಚ್ ಹಾಕಿ ನೋಡಿದರೆ, ರೇಡಿಯೇಟರಿನ ಅಲ್ಯುಮಿನಿಯಂ ಜಾಲರಿಗೂ ಪಕ್ಕದ ಕಪ್ಪು ಪ್ಲಾಸ್ಟಿಕ್ ಟ್ಯಾಂಕಿಗೂ ಸೇರುವ ಜಾಗದಲ್ಲಿ ಬಿಳಿ-ಹಸಿರು ಕಲೆ. ಒಸರಿ ಒಣಗಿದ ಗುರುತು ಅದು.

ಇಂಥ ಹೊತ್ತಲ್ಲಿ ಮೊದಲು ಇಂಜಿನ್ ಆಯಿಲ್ ನೋಡಬೇಕು. ಡಿಪ್‌ಸ್ಟಿಕ್ (ಆಯಿಲ್ ಮಟ್ಟ ನೋಡುವ ಕಡ್ಡಿ) ಎಳೆದಾಗ, ಇಲ್ಲವೇ ಆಯಿಲ್ ಮುಚ್ಚಳದ ಕೆಳಗೆ, ಹಾಲು ಕಾಫಿ ಬಣ್ಣದ ಜಿಗುಟು ಕಂಡರೆ ನೀರು ಆಯಿಲ್‌ಗೆ ಸೇರಿದೆ ಅಂತ ಲೆಕ್ಕ. ಹೆಡ್ ಗ್ಯಾಸ್ಕೆಟ್, ಅಂದರೆ ಇಂಜಿನ್ನಿನ ಮೇಲ್ಭಾಗವಾದ ಹೆಡ್ಡಿನ ಕೆಳಗಿರುವ ಸೀಲ್, ಹೋಗಿರುವ ಸಾಧ್ಯತೆ ಇರುತ್ತದೆ. ಅದು ಮನೆಯಲ್ಲಿ ಮಾಡುವ ಕೆಲಸ ಅಲ್ಲ. ನಮ್ಮದರಲ್ಲಿ ಆಯಿಲ್ ಚೊಕ್ಕಟವಾಗಿತ್ತು. ದೊಡ್ಡ ಸಮಾಧಾನ.

ಊರಲ್ಲಿ ಲಾರಿ, ಟ್ರ್ಯಾಕ್ಟರುಗಳ ರೇಡಿಯೇಟರ್ ಬೆಸುಗೆ ಹಾಕುವ ಯಜಮಾನರೊಬ್ಬರಿದ್ದಾರೆ. ಅವರಿಗೆ ತೋರಿಸಿದೆ. "ತಾಮ್ರ, ಹಿತ್ತಾಳೆದಾಗಿದ್ರೆ ಬಿಚ್ಚಿ, ಕಡ್ಡಿ ಹಾಕಿ ತೊಳೆದು, ಬೆಸುಗೆ ಹಾಕಿ ಕೊಡ್ತಿದ್ದೆ ಕಣಮ್ಮಾ. ಈ ಪ್ಲಾಸ್ಟಿಕ್ಕಿಗೆ ನಂದೇನೂ ನಡೆಯಲ್ಲ. ಹೊಸದು ಹಾಕ್ಸು" ಅಂದರು. ಅವರ ಮಾತು ನಿಜ. ಈಗಿನ ರೇಡಿಯೇಟರುಗಳಲ್ಲಿ ಪ್ಲಾಸ್ಟಿಕ್ ಟ್ಯಾಂಕನ್ನು ರಬ್ಬರ್ ಸೀಲ್ ಇಟ್ಟು, ಅಲ್ಯುಮಿನಿಯಂ ಅಂಚನ್ನು ಮಡಚಿ ಕೂರಿಸಿರುತ್ತಾರೆ. ವರ್ಷಾನುಗಟ್ಟಲೆ ಕಾದು ಆರಿ ಪ್ಲಾಸ್ಟಿಕ್ ಬಿರುಸಾಗುತ್ತದೆ, ಸೀಲ್ ಸಾಯುತ್ತದೆ. ಹಗುರ, ಅಗ್ಗ, ಸರಿ. ಆದರೆ ಅವರ ಕೈಯಲ್ಲಿದ್ದ ಒಂದು ಒಳ್ಳೆಯ ಕಸುಬು ಅದರ ಜೊತೆಗೇ ಕಡಿಮೆಯಾಯಿತು. ನನಗೆ ಅದು ಬೇಜಾರಿನ ವಿಷಯವೇ.

ಹಾಗಾದರೆ ಗ್ಯಾರೇಜಿಗೇ ಬಿಡಬಹುದಿತ್ತಲ್ಲ? ಬಿಡಬಹುದಿತ್ತು. ಬೋಲ್ಟ್ ಬಿಚ್ಚಿ ಹಾಕುವುದರಲ್ಲಿ ಅವರ ಕೈ ನನಗಿಂತ ಎಷ್ಟೋ ಪಳಗಿದೆ. ಆದರೆ ಈ ಕೆಲಸದಲ್ಲಿ ಬೋಲ್ಟ್ ಅರ್ಧ ಭಾಗ ಅಷ್ಟೇ. ಇನ್ನರ್ಧ ತೊಳೆಯುವುದು, ಕಾಯುವುದು, ಒಳಗಿನ ಗಾಳಿ ಹೊರಗೆ ಹೋಗುವ ತನಕ ನಿಂತು ನೋಡುವುದು. ಹಿಂದೆ ಒಂದು ಕಡೆ ಸರ್ವೀಸಿಗೆ ಬಿಟ್ಟಾಗ, ಗಾಡಿ ತೊಳೆಯುವ ಪೈಪನ್ನೇ ರಿಸರ್ವ್ ಡಬ್ಬಿಗೆ ಹಿಡಿದಿದ್ದನ್ನು ಕಣ್ಣಾರೆ ನೋಡಿದ್ದೇನೆ. ಹತ್ತು ಗಾಡಿ ಸಾಲಲ್ಲಿ ನಿಂತಿರುವಾಗ ಅವರಿಗೆ ಪುರುಸೊತ್ತು ಎಲ್ಲಿಂದ ಬರಬೇಕು? ನನಗೆ ದಸರಾ ರಜೆ ಇತ್ತು.

ಮುಖ್ಯವಾದದ್ದು ಮೊದಲೇ ಹೇಳಿಬಿಡುತ್ತೇನೆ. ಬಿಸಿ ಇರುವಾಗ ರೇಡಿಯೇಟರ್ ಮುಚ್ಚಳಕ್ಕೆ ಕೈ ಹಾಕಬೇಡಿ. ನಮ್ಮೂರು ಸಮುದ್ರ ಮಟ್ಟದಿಂದ ಎಂಟುನೂರು ಮೀಟರಿಗಿಂತ ಎತ್ತರದಲ್ಲಿದೆ. ತೆರೆದ ಪಾತ್ರೆಯಲ್ಲಿ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತದೆ. ನಮ್ಮ ರೇಡಿಯೇಟರ್ ಮುಚ್ಚಳದ ಮೇಲೆ 0.9 ಅಂತ ಅಚ್ಚಿದೆ. ಅಂದರೆ ಹೊರಗಿನ ಗಾಳಿಯ ಒತ್ತಡದ ಮೇಲೆ ಇನ್ನೂ ಹೆಚ್ಚುಕಡಿಮೆ ಅಷ್ಟೇ ಒತ್ತಡವನ್ನು ಅದು ಹಿಡಿದಿಡುತ್ತದೆ. ಹಾಗಾಗಿ ಒಳಗಿನ ನೀರು 110 ಡಿಗ್ರಿ ದಾಟಿದರೂ ಕುದಿಯದೆ ಇರುತ್ತದೆ. ಮುಚ್ಚಳ ತೆಗೆದ ಕ್ಷಣ ಒತ್ತಡ ಹೋಗಿ, ಆ ನೀರು ಒಮ್ಮೆಲೇ ಕುದಿದೆದ್ದು ಆವಿಯ ಜೊತೆ ಮುಖಕ್ಕೆ ಹಾರುತ್ತದೆ. ರಾತ್ರಿ ನಿಲ್ಲಿಸಿದ ಕಾರಿಗೆ ಬೆಳಿಗ್ಗೆ ಕೈ ಹಾಕುವುದೇ ಸರಿ.

ಅಣ್ಣನ ಮಗ ಪಿಯುಸಿ ಓದುತ್ತಿದ್ದಾನೆ, ಅವನು ಜೊತೆಗಿದ್ದ. ಬ್ಯಾಟರಿಯ ನೆಗೆಟಿವ್ ತಂತಿ ಮೊದಲು ಬಿಚ್ಚಿದೆವು. "ಯಾಕತ್ತೆ, ಗಾಡಿ ಆಫ್ ಇದೆಯಲ್ಲ" ಅಂದ. ಫ್ಯಾನ್ ಪಕ್ಕ ಬೆರಳು ಆಡಿಸುವ ಕೆಲಸ, ಯಾರೋ ಬಂದು ಕೀ ತಿರುಗಿಸಿದರೆ ಫ್ಯಾನ್ ತಿರುಗಬಹುದು, ಅದಕ್ಕೆ. ಆಮೇಲೆ ಕೆಳಗೆ ಅಗಲದ ಬೇಸಿನ್ ಇಟ್ಟು ಹಳೇ ನೀರು ಇಳಿಸಿದೆವು. ತುಕ್ಕು ಹಿಡಿಯದಂತೆ ನೀರಿಗೆ ಬೆರೆಸುವ ದ್ರವ, ಅಂದರೆ ಕೂಲಂಟ್, ಹಸಿರು ಇರಬೇಕಿತ್ತು, ಬಂದಿದ್ದು ಕೆಂಪು ಮಣ್ಣಿನ ಬಣ್ಣದ್ದು. ಈ ಬೇಸಿನ್ನನ್ನು ಹಾಗೇ ಬಿಟ್ಟು ಎದ್ದು ಹೋಗಬೇಡಿ. ಕೂಲಂಟಿನಲ್ಲಿರುವ ಎಥಿಲೀನ್ ಗ್ಲೈಕಾಲ್ ಸಿಹಿ, ನಾಯಿ ಬೆಕ್ಕು ನೆಕ್ಕುತ್ತವೆ. ಸ್ವಲ್ಪ ಹೊಟ್ಟೆಗೆ ಹೋದರೂ ಅವುಗಳ ಕಿಡ್ನಿ ಹೋಗಿ ಸಾಯುತ್ತವೆ. ನಮ್ಮ ಬೀದಿಯಲ್ಲಿ ಹಸುಗಳೂ ಓಡಾಡುತ್ತವೆ. ಅದನ್ನು ಚರಂಡಿಗೆ ಸುರಿಯದೆ ಕ್ಯಾನಿಗೆ ತುಂಬಿ ಬಿಗಿಯಾಗಿ ಮುಚ್ಚಳ ಹಾಕಿದೆವು. ಇಂಥದ್ದಕ್ಕೆ ಬೇರೆ ಡ್ರಮ್ ಇಟ್ಟಿರುವ ವರ್ಕ್‌ಶಾಪಿಗೆ ಆಮೇಲೆ ಕೊಟ್ಟು ಬಂದೆ.

ಬಿಚ್ಚುವುದು ಕಷ್ಟ ಆಗಲಿಲ್ಲ. ಮುಂದಿನ ಬಂಪರ್ ತೆಗೆದರೆ ಕೈ ಆಡಿಸಲು ಜಾಗ ಸಿಗುತ್ತದೆ. ಹತ್ತರ ಸ್ಪ್ಯಾನರ್, ಹನ್ನೆರಡರದ್ದು, ಒಂದು ಕಟಿಂಗ್ ಪ್ಲೇಯರ್, ಸ್ಕ್ರೂಡ್ರೈವರ್ ಸಾಕಾಯಿತು. ಹೋಸ್ ಪೈಪು ಅಂಟಿಕೊಂಡಿದ್ದರೆ ಎಳೆದಾಡಬೇಡಿ, ಮೆಲ್ಲಗೆ ತಿರುಗಿಸಿ ಸಡಿಲಿಸಿ. ರೇಡಿಯೇಟರ್ ಮುಂದೆ ಇರುವುದು ಎಸಿ ಕಂಡೆನ್ಸರ್, ಎಸಿಯ ಬಿಸಿ ಹೊರಹಾಕುವ ಜಾಲರಿ. ಅದರ ಪೈಪುಗಳನ್ನು ಬಿಚ್ಚಬಾರದು, ಬಿಚ್ಚಿದರೆ ಗ್ಯಾಸ್ ಹೋಗುತ್ತದೆ. ಎರಡರ ನಡುವೆ ರಟ್ಟಿನ ಹಾಳೆ ಸಿಕ್ಕಿಸಿಟ್ಟರೆ ಜಾಲರಿ ಬಾಗುವುದಿಲ್ಲ. ಹೋಸ್ ಪೈಪುಗಳನ್ನೂ ಕ್ಲಾಂಪುಗಳನ್ನೂ ಮುಚ್ಚಳವನ್ನೂ ಹೊಸದೇ ತಂದೆ. ಹಳೇದು ಇನ್ನೂ ನಡೆಯುತ್ತಿತ್ತೇನೋ. ಆದರೆ ಇಷ್ಟೆಲ್ಲ ಬಿಚ್ಚಿ, ಬಿರಿದ ಪೈಪನ್ನೇ ಮತ್ತೆ ಹಾಕಲು ಮನಸ್ಸು ಒಪ್ಪಲಿಲ್ಲ.

ಇನ್ನು ನನಗೆ ತುಂಬಾ ಇಷ್ಟವಾದ ಭಾಗ. ಥರ್ಮೋಸ್ಟಾಟ್ ಅಂದರೆ ಇಂಜಿನ್ ತಣ್ಣಗಿರುವಾಗ ದಾರಿ ಮುಚ್ಚಿ, ಕಾದ ಮೇಲೆ ತೆರೆಯುವ ಪುಟ್ಟ ಬಾಗಿಲು. ಅದರೊಳಗೆ ಮೇಣ ಇರುತ್ತದೆ. ಬಿಸಿಗೆ ಮೇಣ ಹಿಗ್ಗಿ ಬಾಗಿಲು ತಳ್ಳುತ್ತದೆ. ಅದನ್ನು ಬಿಚ್ಚಿ, ದಾರ ಕಟ್ಟಿ, ಒಂದು ಹಳೇ ಪಾತ್ರೆಯ ನೀರಿನಲ್ಲಿ ಇಳಿಬಿಟ್ಟು ಒಲೆಯ ಮೇಲಿಟ್ಟೆವು, ಪಕ್ಕದಲ್ಲಿ ಥರ್ಮಾಮೀಟರ್. ಅದರ ಮೇಲೆ 82 ಅಂತ ಅಚ್ಚು ಹಾಕಿತ್ತು. ಮುಳ್ಳು ಎಂಬತ್ತು ದಾಟುತ್ತಿದ್ದಂತೆ ಮೆಲ್ಲಗೆ ಬಾಯಿ ಬಿಟ್ಟಿತು. ಹುಡುಗನ ಮುಖ ನೋಡಬೇಕಿತ್ತು! ಪುಸ್ತಕದಲ್ಲಿ ಓದಿದ ಉಷ್ಣ ವ್ಯಾಕೋಚನ ಅವನ ಕಣ್ಣ ಮುಂದೆ ಕೆಲಸ ಮಾಡುತ್ತಿತ್ತು. ಬಾಗಿಲು ಚೆನ್ನಾಗಿದೆ ಅಂತ ಗೊತ್ತಾಯಿತು. ಅದರ ಗ್ಯಾಸ್ಕೆಟ್ ಮಾತ್ರ ಹೊಸದು ಹಾಕಿದೆ.

ಥರ್ಮೋಸ್ಟಾಟ್ ಹೊರಗಿರುವಾಗಲೇ ಇಂಜಿನ್ ಒಳಗೆ ನೀರು ಬಿಟ್ಟು ತೊಳೆಯಬೇಕು. ಬೋರ್ ನೀರು ಬೇಡ ಅಂತ ಮಳೆ ನೀರು ಬಳಸಿದೆ. ನಮ್ಮ ತಾರಸಿ ನೀರು ಸೋಸಿ ಡ್ರಮ್ಮಿಗೆ ಬೀಳುತ್ತದೆ, ಅದರಲ್ಲಿ ಸುಣ್ಣ ಇರುವುದಿಲ್ಲ. ಮೊದಲು ತುಕ್ಕು ಬಣ್ಣ ಬಂತು, ಆಮೇಲೆ ಮಾಸಲು, ಆಮೇಲೆ ತಿಳಿ. ತಿಳಿ ಬರುವ ತನಕ ಬಿಡಲಿಲ್ಲ. ಕೊನೆಯಲ್ಲಿ ಡಿಸ್ಟಿಲ್ಡ್ ವಾಟರ್ ಹಾಯಿಸಿದೆ. ಅಂಗಡಿಯಲ್ಲಿ ಬ್ಯಾಟರಿ ನೀರು ಅಂತ ಕೇಳಿದರೆ ಸಿಗುತ್ತದೆ. ಬ್ಯಾಟರಿ ಆಸಿಡ್ ಬೇರೆ, ಲೇಬಲ್ ಓದಿ ತನ್ನಿ.

ಹೊಸ ರೇಡಿಯೇಟರ್, ಥರ್ಮೋಸ್ಟಾಟ್, ಪೈಪು ಎಲ್ಲ ಕೂರಿಸಿದ ಮೇಲೆ ಕೂಲಂಟ್ ಸರದಿ. ಇದರಲ್ಲಿ ಒಂದು ಲೆಕ್ಕ ಇದೆ. ಎಷ್ಟು ಇಳಿಸಿದರೂ ಇಂಜಿನ್ ಒಳಗೆ ಸ್ವಲ್ಪ ನೀರು ಉಳಿದೇ ಉಳಿಯುತ್ತದೆ. ಮೊದಲೇ ನೀರು ಬೆರೆಸಿ ಮಾರುವ ರೆಡಿಮಿಕ್ಸ್ ಕೂಲಂಟ್ ಸುರಿದರೆ ಅದು ಇನ್ನೂ ತೆಳುವಾಗುತ್ತದೆ. ಆದ್ದರಿಂದ ನೀರು ಬೆರೆಸದ ಗಟ್ಟಿ ಕೂಲಂಟ್ ತಂದೆ. ಒಟ್ಟು ಎಷ್ಟು ಲೀಟರ್ ಹಿಡಿಯುತ್ತದೆ ಅಂತ ಕಾರಿನ ಪುಸ್ತಕದಲ್ಲಿ ನೋಡಿ, ಅದರ ಅರ್ಧ ಮೊದಲು ಹಾಕಿದೆ. ಉಳಿದ ಜಾಗಕ್ಕೆ ಡಿಸ್ಟಿಲ್ಡ್ ವಾಟರ್. ಬರೀ ಕೂಲಂಟ್ ಹಾಕಿದರೆ ಇನ್ನೂ ಒಳ್ಳೆಯದಲ್ವಾ ಅಂತ ಕೆಲವರು ಕೇಳುತ್ತಾರೆ. ಅಲ್ಲ. ಬಿಸಿ ಹೊರುವುದರಲ್ಲಿ ನೀರೇ ಮೇಲು. ಕೂಲಂಟ್ ಇರುವುದು ತುಕ್ಕು ಹಿಡಿಯದಂತೆ ನೋಡಲು, ಕುದಿಯುವ ಮಟ್ಟ ಏರಿಸಲು. ಎರಡೂ ಬೇಕು.

ತುಂಬಿದ ಮೇಲೆ ಆತುರ ಮಾಡಬೇಡಿ. ಒಳಗೆ ಗಾಳಿ ಸಿಕ್ಕಿಕೊಂಡಿದ್ದರೆ ಅಲ್ಲಿ ನೀರು ಹರಿಯುವುದಿಲ್ಲ, ಹೆಡ್ ಕಾಯುತ್ತದೆ. ಬ್ಯಾಟರಿ ತಂತಿ ಜೋಡಿಸಿ, ತಣ್ಣಗಿರುವಾಗಲೇ ಮುಚ್ಚಳ ತೆಗೆದಿಟ್ಟು, ಹೀಟರ್ ಪೂರ್ತಿ ಬಿಸಿ ಕಡೆ ತಿರುಗಿಸಿ ಇಂಜಿನ್ ಚಾಲೂ ಮಾಡಿದೆವು. ಗುಳ್ಳೆ ಬಂದಂತೆಲ್ಲ ಮಟ್ಟ ಇಳಿಯಿತು, ಇಳಿದಂತೆಲ್ಲ ತುಂಬಿಸಿದೆ. ಥರ್ಮೋಸ್ಟಾಟ್ ತೆರೆದಾಗ ಮೇಲಿನ ಹೋಸ್ ಪೈಪು ಬಿಸಿಯಾಯಿತು. ಗುಳ್ಳೆ ನಿಂತ ಮೇಲೆ, ಮಟ್ಟ ಉಕ್ಕುವ ಮೊದಲೇ, ಮುಚ್ಚಳ ಹಾಕಿದೆ. ಫ್ಯಾನ್ ತಾನಾಗಿ ತಿರುಗಿ, ತಾನಾಗಿ ನಿಂತಿತು. ಆಮೇಲೆ ಪೂರ್ತಿ ಆರಲು ಬಿಟ್ಟು, ಮಾರನೇ ಬೆಳಿಗ್ಗೆ ಮತ್ತೆ ಮಟ್ಟ ನೋಡಿದೆ. ಸ್ವಲ್ಪ ಇಳಿದಿತ್ತು, ತುಂಬಿಸಿದೆ.

ರಜೆ ಮುಗಿಯುವ ಮೊದಲು ಅಮ್ಮನನ್ನು ಧರ್ಮಸ್ಥಳಕ್ಕೆ ಕರೆದುಕೊಂಡು ಹೋಗಿ, ಚಾರ್ಮಾಡಿ ಘಾಟಿ ಹತ್ತಿಕೊಂಡು ಬಂದೆವು. ಕೊಟ್ಟಿಗೆಹಾರದ ತನಕ ಎರಡನೇ ಗೇರಿನಲ್ಲಿ ಏರಿದರೂ ಮುಳ್ಳು ಜಾಗ ಬಿಟ್ಟು ಅಲ್ಲಾಡಲಿಲ್ಲ. ದಾರಿ ಬದಿ ಒಂದು ಜೀಪಿನವರು ಹಳ್ಳದ ನೀರು ಹಾಕಿಕೊಳ್ಳುತ್ತಿದ್ದರು. ದಾರಿಯಲ್ಲಿ ಬೇರೆ ಗತಿ ಇಲ್ಲದಾಗ ಯಾವ ನೀರಾದರೂ ಸರಿ. ಮಲೆನಾಡಿನ ಹಳ್ಳದ ನೀರು ನಮ್ಮ ಬೋರ್ ನೀರಿಗಿಂತ ಎಷ್ಟೋ ಮೆದು ಬೇರೆ. ಆದರೆ ಊರು ಸೇರಿದ ಮೇಲೆ ಅದನ್ನು ಇಳಿಸಿ ಮತ್ತೆ ಕೂಲಂಟ್ ಹಾಕಲೇಬೇಕು.

ಈಗ ಡಿಕ್ಕಿಯಲ್ಲಿ ಅರ್ಧಕ್ಕರ್ಧ ಬೆರೆಸಿದ ಕೂಲಂಟ್ ಒಂದು ಲೀಟರ್ ಇಟ್ಟಿದ್ದೇನೆ. ರಿಸರ್ವ್ ಡಬ್ಬಿಯ ಮುಚ್ಚಳದ ಪಕ್ಕ ದಪ್ಪ ಅಕ್ಷರದಲ್ಲಿ ಬರೆದು ಚೀಟಿ ಅಂಟಿಸಿದ್ದೇನೆ: "ದಯವಿಟ್ಟು ನಲ್ಲಿ ನೀರು ಹಾಕಬೇಡಿ. ಕೂಲಂಟ್ ಡಿಕ್ಕಿಯಲ್ಲಿದೆ." ಸರ್ವೀಸಿಗೆ ಬಿಡುವಾಗ ಬಾಯಲ್ಲೂ ಹೇಳುತ್ತೇನೆ.