ಕೆಂಪಿಯ ಹನ್ನೆರಡು ದಿನ

ಆಟಿ ತಿಂಗಳ ಹದಿನೆಂಟರ ಮರುದಿನ ಬೆಳಿಗ್ಗೆ ನಮ್ಮ ನಾಯಿ ಕೆಂಪಿ ಮಲಗಿ ಎದ್ದ ಗೋಣಿಯ ಮೇಲೆ ಕೆಂಪು ಕಲೆ ಕಂಡಿತು. ಆಟಿ ಹದಿನೆಂಟು ಅಂದರೆ ಆಗಸ್ಟ್ 3, ಅವತ್ತು ಕೊಡಗಿನಲ್ಲಿ ಮನೆಮನೆಯಲ್ಲೂ ಮದ್ದುಸೊಪ್ಪಿನ ಪಾಯಸ. ತಿಂದವರ ಮೂತ್ರ ಕೆಂಪಗಾಗುತ್ತದೆ, ಮದ್ದು ಮೈಗೆ ಹಿಡಿಯಿತು ಅನ್ನುತ್ತೇವೆ. "ಪಾಯಸದ ಪಾತ್ರೆ ನೆಕ್ಕಿರ್ತದೆ ಬಿಡು" ಅಂದರು ಅತ್ತೆ. ನಾನೂ ಬಿಟ್ಟೆ. ಒಂದು ದಿನ ಹಾಗೇ ಕಳೆಯಿತು. ಆ ಒಂದು ದಿನ ಇವತ್ತಿಗೂ ನನ್ನ ಮನಸ್ಸಿನಿಂದ ಹೋಗಿಲ್ಲ.

ಲಕ್ಷಣಗಳೆಲ್ಲ ಕಣ್ಣೆದುರೇ ಇದ್ದವು. ಕೆಂಪಿಗೆ ಏಳು ವರ್ಷ, ಜೂನ್ ನಡುವಿನಲ್ಲಿ ಬೆದೆಗೆ ಬಂದಿದ್ದಳು. ಜುಲೈ ಕೊನೆಯಿಂದ ನೀರು ಕುಡಿಯುವುದು ಹೆಚ್ಚಾಗಿತ್ತು. ಬಟ್ಟೆ ಒಣಗದ ಮಳೆಯಲ್ಲಿ ನಾಯಿಯೊಂದು ಬೋಗುಣಿಗಟ್ಟಲೆ ನೀರು ಕುಡಿಯುತ್ತದೆ ಅಂದರೆ ನನಗೆ ಅನುಮಾನ ಬರಬೇಕಿತ್ತು. ಅನ್ನ ಮೂಸಿ ಹಾಗೇ ಬಿಡುತ್ತಿದ್ದಳು. ಐದನೇ ತಾರೀಖು ಬಾಲ ಎತ್ತಿ ನೋಡಿದೆ. ಕಂದುಗೆಂಪು ಕೀವು, ಮೂಗು ಮುಚ್ಚಿಕೊಳ್ಳುವ ವಾಸನೆ.

ನಾಪೋಕ್ಲು ಕಡೆಯಿಂದ ಮಡಿಕೇರಿಗೆ ಮೂರ್ನಾಡಿನ ಮೇಲೆ ಹೋಗಬೇಕು. ಕಾವೇರಿ ತುಂಬಿದರೆ ಬೊಳಿಬಾಣೆಯಲ್ಲಿ ನೀರು ರಸ್ತೆಗೇ ಬರುತ್ತದೆ. ಅವತ್ತು ನೀರು ರಸ್ತೆಯ ಅಂಚಿನಲ್ಲಿತ್ತು. ಜೀಪಿನ ಹಿಂದೆ ಅವಳ ತಲೆ ತೊಡೆಯ ಮೇಲಿಟ್ಟುಕೊಂಡು ಹೋದೆ.

ಸ್ಕ್ಯಾನಿಂಗ್ ಮಾಡಿದ ಡಾಕ್ಟ್ರು ಪಯೋಮೆಟ್ರಾ ಅಂದರು, ಗರ್ಭಕೋಶದಲ್ಲಿ ಕೀವು. ಪ್ರತಿ ಬೆದೆಯ ನಂತರ ಹಾರ್ಮೋನಿನಿಂದ ಗರ್ಭಕೋಶದ ಒಳಪದರ ದಪ್ಪವಾಗುತ್ತದಂತೆ. ಸಂತಾನಹರಣ ಆಪರೇಷನ್ ಆಗದ, ವಯಸ್ಸಾದ ಹೆಣ್ಣುನಾಯಿಗಳಲ್ಲಿ ಬೆದೆ ಮುಗಿದು ನಾಲ್ಕರಿಂದ ಎಂಟು ವಾರದೊಳಗೆ ಅಲ್ಲಿ ಸೋಂಕು ಕೂರುವುದು ಹೆಚ್ಚು. "ಇದಕ್ಕೆ ಗರ್ಭಕೋಶದ ಬಾಯಿ ತೆರೆದಿದೆ, ಕೀವು ಹೊರಗೆ ಬಂತು, ನೀವು ನೋಡಿದ್ರಿ. ಬಾಯಿ ಮುಚ್ಚಿದ್ರೆ ಹೊರಗೆ ಏನೂ ಕಾಣೋದಿಲ್ಲ" ಅಂದರು. ರಕ್ತ ತೆಗೆದು ಕಿಡ್ನಿ ನೋಡಿದರು, ಪ್ಲೇಟ್‌ಲೆಟ್ ನೋಡಿದರು. ತೋಟದ ನಾಯಿಗಳಿಗೆ ಉಣ್ಣೆ ಕಾಟ ಜಾಸ್ತಿ, ಉಣ್ಣೆಜ್ವರ ಒಳಗೊಳಗೇ ಇದ್ದರೆ ಪ್ಲೇಟ್‌ಲೆಟ್ ಇಳಿದು ಆಪರೇಷನ್ನಿನಲ್ಲಿ ರಕ್ತ ನಿಲ್ಲುವುದಿಲ್ಲ. ಅವಳ ಪುಣ್ಯ, ಎರಡೂ ಸರಿಯಿತ್ತು. ಸಂಜೆಯವರೆಗೆ ಡ್ರಿಪ್, ಆ್ಯಂಟಿಬಯಾಟಿಕ್. ಗರ್ಭಕೋಶ ತೆಗೆಯುವ ಆಪರೇಷನ್ ಮರುದಿನ ಬೆಳಿಗ್ಗೆ.

ರಾತ್ರಿ ವಾಪಸ್ ಹೋದರೆ ಬೆಳಿಗ್ಗೆ ರಸ್ತೆ ಇರುತ್ತದೋ ಇಲ್ಲವೋ ಎಂದು ಮಡಿಕೇರಿಯಲ್ಲೇ ಇವರ ಅಕ್ಕನ ಮನೆಯಲ್ಲಿ ಉಳಿದೆವು. ಒಂಬತ್ತರ ಮೇಲೆ ಒಂದು ಅಗಳೂ ಕೊಡಬಾರದು, ಬೆಳಿಗ್ಗೆ ಆರಕ್ಕೆ ನೀರೂ ತೆಗೆಯಬೇಕು. ಅರಿವಳಿಕೆಯ ಮತ್ತು ಬಂದಾಗ ಹೊಟ್ಟೆಯಲ್ಲಿದ್ದದ್ದು ವಾಂತಿಯಾಗಿ ಶ್ವಾಸಕೋಶಕ್ಕೆ ಇಳಿಯಬಹುದು. ಒಂದು ಲೆಕ್ಕದಲ್ಲಿ ಊರಲ್ಲಿ ಇಲ್ಲದ್ದೇ ಒಳ್ಳೆಯದಾಯಿತು. ನಮ್ಮಲ್ಲಿ ಅವಳಿಗೆ ತೋಟದ ಕೆಲಸದವರ ಲೈನ್ ಮನೆಯವರೆಲ್ಲ ಊಟ ಹಾಕುತ್ತಾರೆ, ಅದೂ ಸಾಲದೆ ಮರದಡಿ ಬಿದ್ದ ಹಲಸಿನ ಹಣ್ಣು ತಿಂದುಕೊಂಡು ಬರುತ್ತಾಳೆ. ಬಚ್ಚಲುಮನೆಯಲ್ಲಿ ಚಾಪೆ ಹಾಸಿ ಅವಳ ಪಕ್ಕ ಮಲಗಿದೆ. ಹುಟ್ಟಿದ ಮೇಲೆ ಮನೆಯೊಳಗೆ ಮಲಗಿದವಳಲ್ಲ. ಮಳೆ ಜೋರಾದಾಗಲೆಲ್ಲ ತಲೆಯೆತ್ತಿ ಬಾಗಿಲು ನೋಡುತ್ತಿದ್ದಳು.

ಆಪರೇಷನ್ನಿಗೆ ಒಂದು ಗಂಟೆಗಿಂತ ಸ್ವಲ್ಪ ಹೆಚ್ಚು ಹಿಡಿಯಿತು. ತೆಗೆದದ್ದನ್ನು ಡಾಕ್ಟ್ರು ಟ್ರೇಯಲ್ಲಿ ತೋರಿಸಿದರು. ಸಣ್ಣ ಹುರಿಯ ಹಾಗಿರಬೇಕಾದ ಗರ್ಭಕೋಶದ ಎರಡು ಕವಲುಗಳೂ ನೇಂದ್ರ ಬಾಳೆಕಾಯಿಯಷ್ಟು ದಪ್ಪ, ಬಿಗಿದು ಹೊಳೆಯುತ್ತಿದ್ದವು. ಇಷ್ಟನ್ನು ಹೊತ್ತುಕೊಂಡು ಅವಳು ರಾತ್ರಿಯಿಡೀ ಕಾಡುಹಂದಿಗೆ ಬೊಗಳುತ್ತಿದ್ದಳಲ್ಲ ಅಂತ ನನಗೆ ಅಳುವೇ ಬಂತು.

ಡಾಕ್ಟ್ರ ಕೆಲಸ ಅಲ್ಲಿಗೆ ಮುಗಿಯಿತು, ನಮ್ಮದು ಶುರುವಾಯಿತು. ಅರಿವಳಿಕೆಯ ಮತ್ತು ಇಳಿಯುವಾಗ ನಾಯಿಗೆ ಮೈ ತಣ್ಣಗಾಗುತ್ತದೆ, ನಡುಗುತ್ತದೆ. ನಮ್ಮ ಮನೆಯಲ್ಲಿ ಒಲೆ ಆರುವುದಿಲ್ಲ, ಆದರೆ ಒಲೆ ಹತ್ತಿರ ಮಲಗಿಸಬೇಡಿ ಅಂದಿದ್ದರು. ಮಂಪರಿನಲ್ಲಿರುವ ನಾಯಿಗೆ ಬಿಸಿ ತಾಗಿದರೂ ಜರುಗಲು ಬರುವುದಿಲ್ಲ. ಅಡುಗೆಮನೆ ಮೂಲೆಯಲ್ಲಿ ಹಳೆ ಪಂಚೆ ನಾಲ್ಕು ಮಡಿಕೆ ಹಾಸಿ, ಬಿಸಿನೀರಿನ ಬಾಟಲಿಗೆ ಟವೆಲ್ ಸುತ್ತಿ ಬೆನ್ನಿಗೆ ಇಟ್ಟೆ. ಗೋಣಿ ಹಾಕಲಿಲ್ಲ, ನಾರು ಹೊಲಿಗೆಗೆ ಸಿಕ್ಕಿಕೊಳ್ಳುತ್ತದೆ. ಸಂಜೆ ಎರಡು ಚಮಚ ನೀರು, ರಾತ್ರಿ ಮೆತ್ತನೆ ಅನ್ನಕ್ಕೆ ಬೇಯಿಸಿದ ಕೋಳಿಯ ತಿಳಿ. ಅಂಗಳಕ್ಕೆ ಎತ್ತಿಕೊಂಡು ಹೋದಾಗ ಉಚ್ಚೆ ಹೊಯ್ದಳು. ಹತ್ತೊಂಬತ್ತು ಕಿಲೋ ನಾಯಿಯನ್ನು ಇವರು ಎತ್ತಿ ಹಿಡಿದಿದ್ದಾರೆ, ಅತ್ತೆ ಕೊಡೆ ಹಿಡಿದಿದ್ದಾರೆ, ನಾನು ಟಾರ್ಚ್ ಹಿಡಿದಿದ್ದೇನೆ.

ಹೊಲಿಗೆ ನೆಕ್ಕದಿರಲೆಂದು ಕೊರಳಿಗೆ ಕಟ್ಟಿದ್ದ ಲಾಳಿಕೆಯಂಥ ಪ್ಲಾಸ್ಟಿಕ್ ಪಟ್ಟಿ ಎರಡನೇ ದಿನಕ್ಕೇ ಸಾಕಾಯಿತು. ಬಾಗಿಲಿಗೆ ತಾಗಿ ಹೆದರುತ್ತಿದ್ದಳು, ಊಟ ಬಿಟ್ಟಳು. ಡಾಕ್ಟ್ರನ್ನು ಕೇಳಿ ಮಗನ ಹಳೆ ಟೀಶರ್ಟ್ ತೊಡಿಸಿದೆ. ಕುತ್ತಿಗೆಯಲ್ಲಿ ತಲೆ, ತೋಳುಗಳಲ್ಲಿ ಮುಂಗಾಲು, ಕೆಳಗಿನ ಅಂಚನ್ನು ಸೊಂಟದ ಮೇಲೆ ಒಟ್ಟುಮಾಡಿ ಗಂಟು. ಹೊಲಿಗೆ ಮುಚ್ಚುತ್ತದೆ, ನಾಲಿಗೆ ಸಿಗುವುದಿಲ್ಲ. ಒದ್ದೆ ಬಟ್ಟೆ ಗಾಯಕ್ಕೆ ತಾಗಬಾರದು ಎಂದು ಐದು ಟೀಶರ್ಟ್‌ಗಳನ್ನು ಸರದಿಯಲ್ಲಿ ಒಗೆದು ಒಲೆ ಮೇಲಿನ ಹಗ್ಗದಲ್ಲಿ ಒಣಗಿಸಿದೆ. ನಾಯಿಗೂ ಹೊಗೆ ವಾಸನೆ ಬಂತು.

ಸಲಹೆ ಕೊಡುವವರಿಗೆ ಬರವಿರಲಿಲ್ಲ, ಎಲ್ಲರಿಗೂ ಅವಳ ಮೇಲೆ ಪ್ರೀತಿಯೇ. ಒಬ್ಬರು ಅರಿಶಿನ ಮೆತ್ತಲು ಹೇಳಿದರು. ಹೊಲಿಗೆಗೆ ಏನೂ ಹಚ್ಚಬೇಡಿ ಎಂದು ಡಾಕ್ಟ್ರು ಖಡಾಖಂಡಿತವಾಗಿ ಹೇಳಿದ್ದರು. ಇನ್ನೊಬ್ಬರು ತಮ್ಮ ಸೊಂಟನೋವಿನ ಮಾತ್ರೆಯಲ್ಲಿ ಅರ್ಧ ಕೊಡಲು ಬಂದರು. ನಮ್ಮ ನೋವಿನ ಮಾತ್ರೆಗಳು, ಐಬುಪ್ರೊಫೆನ್ ಡೈಕ್ಲೊಫೆನಾಕ್ ಅಂಥವು, ನಾಯಿಯ ಹೊಟ್ಟೆಯಲ್ಲಿ ಹುಣ್ಣು ಮಾಡಿ ಕಿಡ್ನಿ ಕೆಡಿಸುತ್ತವೆ. ಇದನ್ನು ತೋಟದವರೆಲ್ಲರಿಗೂ ಕೂರಿಸಿ ಹೇಳಿದೆ. ಡಾಕ್ಟ್ರು ಕೊಟ್ಟ ಮಾತ್ರೆಗಳನ್ನು ಕಡಂಬುಟ್ಟಿನ, ಅಂದರೆ ಅಕ್ಕಿತರಿಯ ಉಂಡೆಕಡುಬಿನ ಒಳಗಿಟ್ಟು ಕೊಡುತ್ತಿದ್ದೆ, ಅಗಿಯದೆ ನುಂಗುತ್ತಿದ್ದಳು.

ನಾಲ್ಕನೇ ದಿನ ಟೀಶರ್ಟ್‌ನ ಹೊಟ್ಟೆಭಾಗದಲ್ಲಿ ಅಂಗೈಯಗಲ ಹಸಿ ರಕ್ತ. ಹೊಲಿಗೆ ಬಿಟ್ಟಿತು ಅಂದುಕೊಂಡೆ. ಕೈ ನಡುಗುತ್ತಿತ್ತು, ಕರೆಂಟ್ ಇರಲಿಲ್ಲ. ಇವರು ಡಾಕ್ಟ್ರಿಗೆ ಫೋನ್ ಹಚ್ಚುತ್ತಿದ್ದಂತೆ ನಾನು ಗಂಟು ಬಿಚ್ಚಿ ಟಾರ್ಚ್ ಬಿಟ್ಟೆ. ಹೊಲಿಗೆಗಳು ಒಂದೊಂದೂ ಹಾಗೇ ಇದ್ದವು, ಒಣ, ತುಸು ಗುಲಾಬಿ. ರಕ್ತ ತೊಡೆಸಂದಿಯಿಂದ ಇಳಿಯುತ್ತಿತ್ತು. ಅಲ್ಲಿ ರಕ್ತ ಕುಡಿದು ದ್ರಾಕ್ಷಿಯಂತೆ ಉಬ್ಬಿದ ಜಿಗಣೆ, ಅದರ ಪಕ್ಕ ಇನ್ನೊಂದು ಕಚ್ಚಿ ಉದುರಿದ ಗುರುತು, ಮೂರು ಗೆರೆಯ ಸಣ್ಣ ಗಾಯ. ಜಿಗಣೆಯ ಎಂಜಲು ರಕ್ತ ಹೆಪ್ಪುಗಟ್ಟಲು ಬಿಡುವುದಿಲ್ಲ, ಅದಕ್ಕೇ ಅಷ್ಟೊಂದು. ದಿನಾ ಉಪ್ಪು ಹಾಕಿ ತೆಗೆಯುವ ನಾವು ಅವತ್ತು ಹೊಲಿಗೆ ಹತ್ತಿರವೆಂದು ಉಪ್ಪು ಮುಟ್ಟಲಿಲ್ಲ. ಉಗುರನ್ನು ಅದರ ಬಾಯಿಯ ಅಂಚಿಗೆ ಒತ್ತಿ ಜಾರಿಸಿ ತೆಗೆದೆ. ಆಮೇಲೆ ಅವಳನ್ನು ಹುಲ್ಲಿಗೆ ಬಿಡಲಿಲ್ಲ. ಸಿಮೆಂಟಿನ ಕಾಫಿ ಕಣದಲ್ಲೇ ಹಗ್ಗ ಹಿಡಿದು ತಿರುಗಿಸಿ, ಒಳಗೆ ಬರುವ ಮೊದಲು ಕಾಲ್ಬೆರಳ ಸಂದಿಯವರೆಗೆ ಹುಡುಕುತ್ತಿದ್ದೆ. ಮಳೆಗಾಲದ ಗಾಯಕ್ಕೆ ನೊಣ ಮೊಟ್ಟೆಯಿಟ್ಟು ಹುಳ ಬೀಳುವುದನ್ನು ಎಷ್ಟು ದನಗಳಲ್ಲಿ ನೋಡಿಲ್ಲ! ಹಾಗಾಗಿ ದಿನಕ್ಕೆರಡು ಸಲ ಟೀಶರ್ಟ್ ಎತ್ತಿ ನೋಡುವುದು, ಮೂಸುವುದು.

ಏಳನೇ ದಿನದಿಂದ ಕಷ್ಟ ಬೇರೆಯೇ ಆಯಿತು. ಅವಳಿಗೆ ವಾಸಿಯಾಯಿತು ಅನ್ನಿಸಿತ್ತು, ಒಳಗಿನ ಹೊಲಿಗೆಗೆ ಇನ್ನೂ ಆಗಿರಲಿಲ್ಲ. ಜಗಲಿಯಿಂದ ಹಾರಬಾರದು, ಓಡಬಾರದು. ಮಂಗ ಬಂದು ಕಿತ್ತಳೆ ಗಿಡ ಅಲ್ಲಾಡಿಸಿದರೆ ಹಗ್ಗ ಜಗ್ಗಿ ನನ್ನ ಮುಖ ನೋಡುತ್ತಿದ್ದಳು.

ಆಗಸ್ಟ್ ಹದಿನೆಂಟಕ್ಕೆ ಹೊಲಿಗೆ ಬಿಚ್ಚಿಸಿದೆವು. ಹೊರಡುವಾಗ ನಾನು ಇನ್ನೊಂದು ವಿಷಯ ಕೇಳಿದೆ. ಲೈನ್ ಮನೆಯ ಹುಡುಗಿ ಸಾಕಿಕೊಂಡಿರುವ ಹೆಣ್ಣುಮರಿಗೆ ಈಗ ಐದು ತಿಂಗಳು. ಮಳೆ ನಿಂತ ಮೇಲೆ, ಕಾಫಿ ಕುಯ್ಲು ಶುರುವಾಗುವ ಮೊದಲು ಸಂತಾನಹರಣ ಆಪರೇಷನ್ನಿಗೆ ಕರಕೊಂಡು ಬನ್ನಿ ಅಂದರು ಡಾಕ್ಟ್ರು. ಹುಡುಗಿಗೆ ಹೇಳಿದೆ. "ನೋವಾಗ್ತದಾ ಅಕ್ಕಾ?" ಅಂದಳು. ಆಗ್ತದೆ, ಕೆಂಪಿಗಾದಷ್ಟಲ್ಲ ಅಂದೆ. ಅಟ್ಟದಿಂದ ಎರಡು ಟೀಶರ್ಟ್ ತೆಗೆದು ಕೊಟ್ಟೆ. ಮರಿಗೆ ದೊಡ್ಡದಾಗುತ್ತದೆ, ಬದಿ ಹಿಡಿದು ಹೊಲಿದುಕೊಳ್ಳಬೇಕು.